ಹೆಬ್ಬೆಟ್ಟು ಎಲ್ಲಿಡೋದು

ಚಿಕ್ಕಮಗಳೂರು, ಜುಲೈ 9, 2023, ಭಾನುವಾರ

ಬೆಳಿಗ್ಗೆಯಿಂದ ಮಳೆ ನಿಂತಿಲ್ಲ. ಕರೆಂಟ್ ಎರಡು ಸಲ ಹೋಗಿ ಬಂತು. ಎರಡನೇ ಸಲ ಹೋದಾಗ ಮರ ಕೊರೆಯುವ ರೂಟರ್ ಯಂತ್ರ ಮರದ ಮಧ್ಯದಲ್ಲೇ ನಿಂತು ಒಂದು ಗುರುತು ಬಿತ್ತು. ಉಜ್ಜಿದರೆ ಹೋಗುತ್ತದೆ, ಬಿಡಿ.

ಮಲ್ಲಂದೂರು ಕಡೆಯ ಹುಡುಗಿ ಬಂದಿದ್ದಳು. ಎಂಟನೇ ಕ್ಲಾಸು. ಕಳೆದ ತಿಂಗಳು ನಾನು ಮಾಡಿದ ಹನ್ನೊಂದನೇ ಗಿಟಾರ್ ತೆಗೆದುಕೊಂಡು ಹೋದವಳು. ಗಿಟಾರಿಗೆ ಗೊಬ್ಬರದ ಚೀಲ ಸುತ್ತಿಕೊಂಡು, ಅಮ್ಮನ ಸ್ಕೂಟರ್ ಹಿಂದೆ ಕೂತು ಬಂದಿದ್ದಳು. ಮಳೆಗಾಲ ಅಲ್ವಾ, ಮರ ತೇವ ಕುಡಿದು ಕತ್ತು (ಎಡಗೈಯಲ್ಲಿ ಹಿಡಿಯುವ ಉದ್ದನೆಯ ಭಾಗ) ಬಾಗಿರಬೇಕು, ಒಳಗೆ ಬಾಗು ಸರಿಪಡಿಸಲು ಇರುವ ಸರಳು, ಟ್ರಸ್ ರಾಡ್, ಕಾಲು ಸುತ್ತು ತಿರುಗಿಸಿ ಕಳಿಸೋಣ ಅಂದುಕೊಂಡೆ. ತಂತಿಯನ್ನು ಮೊದಲನೇ ಫ್ರೆಟ್ಟಿನಲ್ಲೂ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಕೊನೆಯಲ್ಲೂ ಒತ್ತಿ ಹಿಡಿದು, ಏಳನೇ ಫ್ರೆಟ್ ಹತ್ತಿರ ಸಂದು ನೋಡಿದೆ. ಕತ್ತು ಸರಿಯಾಗಿಯೇ ಇತ್ತು.

"ಏನು ತೊಂದರೆ ಪುಟ್ಟಾ?"

"ಏನಿಲ್ಲ ಅಂಕಲ್. ಹೆಬ್ಬೆಟ್ಟು ಎಲ್ಲಿಡಬೇಕು ಅಂತ ಗೊತ್ತಾಗ್ತಿಲ್ಲ."

ಎಫ್ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಿಡಿದು ತೋರಿಸಿದಳು. ತೋರುಬೆರಳು ಆರೂ ತಂತಿಯ ಮೇಲೆ ಚಾಚಿದ ಕೂಡಲೇ ಹಿಂದಿನ ಹೆಬ್ಬೆಟ್ಟು ಜಾರಿ ಅಡಿಗೆ ಹೋಗುತ್ತಿತ್ತು. ಅವಳ ಅಮ್ಮ "ಪ್ರಾಕ್ಟೀಸ್ ಮಾಡಲ್ಲ ಸರ್, ನೆಪ ಹೇಳ್ತಾಳೆ" ಅಂದರು. ನಾನೂ ಸುಮ್ನೆ ತಲೆಯಾಡಿಸಿದೆ. ಅದಕ್ಕೆ ಈಗ ನಾಚಿಕೆ ಆಗುತ್ತಿದೆ.

ಗಿಟಾರ್ ಬಿಟ್ಟು ಹೋಗಿದ್ದಾರೆ.

ಮಧ್ಯಾಹ್ನ ಆಚಾರ್ರು ಬಂದರು. ಮಳೆಗೆ ನಿಂತೆ ಅನ್ನುವುದು ಅವರ ಮಾಮೂಲಿ ಮಾತು, ಬರುವುದು ಕಾಫಿಗೆ. ಬಾಗಿಲು, ಕಿಟಕಿ, ತೋಟದ ಗುದ್ದಲಿ ಕೊಡಲಿಗೆ ಕಾವು, ಇದರಲ್ಲೇ ಐವತ್ತು ವರ್ಷ ಕಳೆದವರು. ಯಂತ್ರ ದಾರಿ ತಪ್ಪದ ಹಾಗೆ ಹಿಡಿಯುವ ನನ್ನ ಚೌಕಟ್ಟುಗಳನ್ನು, ಜಿಗ್‌ಗಳನ್ನು, ಕಂಡರೆ ಅವರಿಗೆ ತಮಾಷೆ. ಅಚ್ಚು ಅನ್ನುತ್ತಾರೆ. ಗಿಟಾರಿಗೂ ಕತ್ತು ಇರುತ್ತದೆ ಅಂತ ಮೊದಲ ಸಲ ಹೇಳಿದಾಗ "ಹಗ್ಗ ಎಲ್ಲಿ ಕಟ್ತೀಯ?" ಅಂತ ಕೇಳಿದ್ದರು.

ಕತ್ತಿನ ಕೆಲಸಕ್ಕೇ ನನ್ನ ಹತ್ತಿರ ನಾಲ್ಕು ಜಿಗ್ ಇವೆ. ರಾಡ್ ಕೂರುವ ಗಾಡಿ, ಅಂದರೆ ತೋಡು, ಕೊರೆಯಲು ಒಂದು. ಹೊರಗಿನ ಆಕಾರಕ್ಕೆ ಒಂದು: ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಟೆಂಪ್ಲೇಟನ್ನು ಮರಕ್ಕೆ ಅಂಟಿಸಿದರೆ ರೂಟರಿನ ಅಲಗಿನ, ಅಂದರೆ ಬಿಟ್ಟಿನ, ಬೇರಿಂಗ್ ಅದರ ಅಂಚನ್ನೇ ಹಿಡಿದುಕೊಂಡು ಓಡುತ್ತದೆ. ಫ್ರೆಟ್ ಗಾಡಿ ಕೊಯ್ಯಲು ಇನ್ನೊಂದು. ಇವುಗಳಲ್ಲಿರುವ ಒಂದೊಂದು ತಡೆ, ಒಂದೊಂದು ಸ್ಕ್ರೂ, ಯಾವುದೋ ಒಂದು ಕತ್ತು ಹಾಳಾದ ಮೇಲೆ ಹಾಕಿದ್ದು. ಒಮ್ಮೆ ಬಿಟ್ ಎಳೆಗೆ ಎದುರಾಗಿ ಹೋಗಿ, ತಲೆಯ ಒಂದು ಕಿವಿಯನ್ನೇ ಕಿತ್ತು ಗೋಡೆಗೆ ಎಸೆದಿತ್ತು. ಆ ಚೂರು ಇನ್ನೂ ಕಿಟಕಿಯಲ್ಲಿದೆ.

ನಾಲ್ಕನೆಯದು ಬೆನ್ನಿನ ಗುಂಡಗೆ. ಎರಡು ತುದಿಯಲ್ಲಿ ಒಂದೊಂದು ಪ್ಲೈವುಡ್ ಬಿಲ್ಲೆ, ನಡುವೆ ಕತ್ತು. ರೂಟರ್ ಕೂತ ಹಲಗೆ ಆ ಬಿಲ್ಲೆಗಳ ಅಂಚಿನ ಮೇಲೆ ಜಾರುತ್ತದೆ. ಬಿಲ್ಲೆ ಯಾವ ಗುಂಡಗೆ ಇದೆಯೋ ಕತ್ತಿನ ಬೆನ್ನೂ ಅದೇ ಗುಂಡಗೆ. ಮೊದಲನೇ ಫ್ರೆಟ್ ಹತ್ತಿರ 21 ಮಿ.ಮೀ. ದಪ್ಪ, ಹನ್ನೆರಡನೆಯದರ ಹತ್ತಿರ 23. ಕೈಯಲ್ಲಿ ಅರ ಹಿಡಿದು ಎರಡು ದಿನ ಮಾಡುತ್ತಿದ್ದುದು ಈಗ ಅರ್ಧ ಗಂಟೆಯ ಕೆಲಸ. ಜಂಬ ಇತ್ತು ನನಗೆ ಇದರ ಮೇಲೆ.

ಆಚಾರ್ರು ಹುಡುಗಿಯ ಗಿಟಾರ್ ಎತ್ತಿಕೊಂಡು, ಕೊಡಲಿ ಹಿಡಿದ ಹಾಗೆ ಕತ್ತು ಹಿಡಿದರು. ಮೇಲೆ ಕೆಳಗೆ ಉಜ್ಜಿದರು. ಆಮೇಲೆ "ನಿನ್ನ ಕೈ ತಾ" ಅಂದರು. ನನ್ನ ಎಡಗೈಯನ್ನು ಅದರ ಮೇಲೆ ಇಟ್ಟು ಬೆರಳುಗಳನ್ನು ಮಡಚಿದರು.

"ನೋಡು, ಒಂದು ಕೂದಲು ಸಂದಿಲ್ಲ. ಇದು ನಿನಗೇ ಮಾಡ್ಕೊಂಡಿದ್ದು."

ನಿಜ. ಆ ಬಿಲ್ಲೆಗಳನ್ನು ಗೀರಿಕೊಂಡಿದ್ದು ನನ್ನ ಹಳೇ ಗಿಟಾರಿನಿಂದ. ಆ ಕತ್ತನ್ನು ನಾನು ವರ್ಷಗಟ್ಟಲೆ ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ ನನ್ನ ಕೈಗೆ ಹಿತವಾಗುವ ಹಾಗೆ ಮಾಡಿಕೊಂಡಿದ್ದೆ. ಹಾಗಾದರೆ ಹನ್ನೊಂದು ಜನ ನನ್ನ ಕೈ ಹಿಡಿದುಕೊಂಡು ನುಡಿಸುತ್ತಿದ್ದಾರೆ. ಅವರಲ್ಲಿ ಎಷ್ಟು ಜನ ಸುಮ್ಮನಿದ್ದಾರೋ.

"ಕಾವು ಹಾಕ್ಸೋಕೆ ಬಂದೋರ ಕೈ ನೋಡ್ತಿದ್ದೆ ನಾನು. ಹೆಣ್ಣಾಳುಗಳಿಗೆ ಬೇರೆ, ಗಂಡಾಳುಗಳಿಗೆ ಬೇರೆ" ಅಂದರು.

ತೆಳ್ಳಗೆ ಮಾಡಬಹುದಲ್ಲ ಅಂದರು. ಅದು ಅಷ್ಟು ಸಲೀಸಲ್ಲ ಅಂತ ಲೆಕ್ಕ ಹೇಳಿದೆ. 21ರಲ್ಲಿ ಮೇಲಿನ ಬೀಟೆ ಹಲಗೆ 6. (ಹಳೇ ಮಂಚದ ಕಾಲು ಅದು. ಸ್ವಂತ ತೋಟದ ಬೀಟೆ ಮರವನ್ನೂ ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಕಡಿಯುವ ಹಾಗಿಲ್ಲ.) ಉಳಿದ 15ರಲ್ಲಿ ರಾಡಿನ ಗಾಡಿ 10. ಅಡಿಯಲ್ಲಿ ಉಳಿಯುವ ಮರ 5. ಆರು ತಂತಿ ಸೇರಿ 70 ಕೆ.ಜಿ. ಆಸುಪಾಸು ಎಳೆಯುತ್ತವೆ. 5 ಮಿ.ಮೀ. ಇದ್ದರೆ ನನಗೆ ರಾತ್ರಿ ನಿದ್ದೆ ಬರುತ್ತದೆ. ಎರಡು ಮಿ.ಮೀ. ಕೆರೆದರೆ 3.

ಆಚಾರ್ರು ಕಾಫಿ ಲೋಟ ಕೆಳಗಿಟ್ಟರು. "ನಡು ಯಾಕೆ ಮುಟ್ತೀಯ? ಭುಜ ತೆಗಿ."

ಎರಡು ಪಕ್ಕದ ಉಬ್ಬು! ಮಧ್ಯದ ದಪ್ಪ ಹಾಗೇ ಬಿಟ್ಟು ಪಕ್ಕಗಳನ್ನು ಮಾತ್ರ ಇಳಿಸಿದರೆ ಕೈ ಸುತ್ತಬೇಕಾದ ದೂರ ಕಡಿಮೆ ಆಗುತ್ತದೆ. ನನಗೆ ಗೊತ್ತಿದ್ದದ್ದೇ. ಆದರೆ ಆ ಜಿಗ್ ಬಂದಾಗಿನಿಂದ ಬೆನ್ನಿನ ಬಗ್ಗೆ ಯೋಚಿಸುವುದನ್ನೇ ಬಿಟ್ಟಿದ್ದೆ. ಅರ ಹುಡುಕಿದರೆ ತುಕ್ಕು ಹಿಡಿದು ಕೂತಿತ್ತು.

ಬಾಗಿಲ ಹತ್ತಿರ ಕೊಡೆ ಬಿಚ್ಚುತ್ತಾ ಅಂದರು: "ಬೆಳೆಯೋ ಮಗು ಮಾರಾಯ. ತೆಗೆದಿದ್ದನ್ನ ತಿರುಗಿ ಅಂಟಿಸಕ್ಕಾಗಲ್ಲ."

ಹೋಗಿಬಿಟ್ಟರು. ಆಗಿನಿಂದ ಕೆಲಸ ಮುಂದೆ ಹೋಗಿಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ, ಮನೆಯಲ್ಲಿ ಬೈಸಿಕೊಂಡೂ ಆಯಿತು.

ಕತ್ತು ಬೋಲ್ಟಿನದ್ದು, ಬಿಚ್ಚಿದರೆ ಹೊರಗೆ ಬರುತ್ತದೆ. ಈಗಿರುವುದನ್ನು ಮುಟ್ಟದೆ ತೆಗೆದಿಟ್ಟು, ಅವಳಿಗೆ ಸಣ್ಣದೊಂದು ಬೇರೆ ಮಾಡಿ, ನಾಲ್ಕು ವರ್ಷ ಬಿಟ್ಟು ಇದನ್ನೇ ಹಾಕಿಕೊಟ್ಟರೆ? ಹೊಸ ಬಿಲ್ಲೆ ಕೊಯ್ಯಲು ಒಂದು ಸಂಜೆ ಸಾಕು. ನಟ್ (ಕತ್ತಿನ ತಲೆಯ ಹತ್ತಿರ ತಂತಿಗಳು ಕೂರುವ ಪಟ್ಟಿ) ಅಗಲ 43 ಮಿ.ಮೀ. ಇರುವುದನ್ನು 41ಕ್ಕೆ ಇಳಿಸಬಹುದು. ಬಾಡಿಗೆ ಸೇರುವ ತುದಿಯಲ್ಲಿ, ಹೀಲ್ ಕಡೆ, ಎರಡೂ ಕತ್ತು ಒಂದೇ ಇರಬೇಕು, ಇಲ್ಲದಿದ್ದರೆ ಬಾಡಿಯಲ್ಲಿ ಕೂರುವುದಿಲ್ಲ. ದುಡ್ಡು ಕೇಳುವ ಹಾಗಿಲ್ಲ, ಅವರಮ್ಮ ಇನ್ನೂ ಎರಡು ಕಂತು ಕೊಡುವುದಿದೆ.

ಕಾಗದದ ಮೇಲೆ ಬಿಲ್ಲೆ ಬರೆಯಲು ಪೆನ್ಸಿಲ್ ತೆಗೆದುಕೊಂಡೆ. ಆಗ ನೆನಪಾಯಿತು, ಅವಳ ಕೈ ಅಳತೆ ತೆಗೆದುಕೊಂಡೇ ಇಲ್ಲ. ನಾಳೆ ಫೋನ್ ಮಾಡಬೇಕು. ಚಪಾತಿ ಹಿಟ್ಟಿನ ಉಂಡೆ ಉದ್ದ ಮಾಡಿ ಅವಳ ಎಡಗೈಯಲ್ಲಿ ಹಿಡಿಸಿ, ಒಣಗಿಸಿ ಕಳಿಸಿ ಅಂತ ಹೇಳಿದರೆ ಅವರಮ್ಮ ಏನಂದುಕೊಳ್ಳುತ್ತಾರೋ, ಈ ಮಳೆಯಲ್ಲಿ ಅದು ಒಣಗುವುದಾದರೂ ಹೇಗೋ.