ಸಹಿ ಹಾಕೋರು ಯಾರು?

ರಾಯಚೂರಿನ ಒಂದು ನಂಬರಿನ ಮಾತುಕತೆಯನ್ನು ನಮ್ಮ ಪೊಲೀಸರು ಕದ್ದು ಕೇಳಬೇಕಂದ್ರೆ ಕಾಗದ ಬೆಂಗಳೂರಿಗೆ ಹೋಗಬೇಕು. ಸಾಮಾನ್ಯವಾಗಿ ರಾಜ್ಯದ ಗೃಹ ಕಾರ್ಯದರ್ಶಿಯ ಸಹಿ ಬೇಕು. ಆದೇಶದ ಆಯಸ್ಸು 60 ದಿನ. ಎಷ್ಟು ಸಲ ಮುಂದುವರಿಸಿದರೂ 180 ದಿನ ದಾಟೋ ಹಾಗಿಲ್ಲ. ತುರ್ತಿದ್ದರೆ ಐಜಿಪಿ ದರ್ಜೆಯ ಅಧಿಕಾರಿ ಮೊದಲು ಶುರು ಮಾಡಬಹುದು, ಆದರೆ 7 ಕೆಲಸದ ದಿನದೊಳಗೆ ಮೇಲಿನ ಒಪ್ಪಿಗೆ ಬರದಿದ್ದರೆ ನಿಲ್ಲಿಸಬೇಕು. ಇದನ್ನೆಲ್ಲ ಪರಿಶೀಲಿಸೋ ಸಮಿತಿಗೆ ಮುಖ್ಯ ಕಾರ್ಯದರ್ಶಿಯೇ ಅಧ್ಯಕ್ಷರು. ಬರೆಯೋರೂ ಸರ್ಕಾರದವರೇ, ತಿದ್ದೋರೂ ಸರ್ಕಾರದವರೇ. ಈ ದಾರಿಯಲ್ಲಿ ಜಡ್ಜ್ ಎಲ್ಲೂ ಸಿಗೋದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಸಹಿಯ ಜಾಗ ಮಾತ್ರ ಬದಲಾಗಲಿಲ್ಲ.

ಅಮೆರಿಕದಲ್ಲಿ 1968ರ ಕಾನೂನಿನಂತೆ ಅಪರಾಧ ತನಿಖೆಗೆ ಜಡ್ಜ್ ಆದೇಶ ಬೇಕು, ಒಂದು ಸಲಕ್ಕೆ 30 ದಿನ. ಮುಗಿದ 90 ದಿನದೊಳಗೆ, ಕೋರ್ಟ್ ಮುಂದೂಡದಿದ್ದರೆ, ಆ ವ್ಯಕ್ತಿಗೇ ನೋಟಿಸ್ ಹೋಗುತ್ತೆ. (ಈ ನಾಜೂಕೆಲ್ಲ ಅವರವರಿಗೆ. ಅಮೆರಿಕದ ಕಂಪನಿ ಕೈಲಿರೋ ಕೊಪ್ಪಳದವರ ಮೇಲ್ ನೋಡೋಕೆ ಅಲ್ಲಿನ ವಿದೇಶಿ ಗೂಢಚರ್ಯೆ ಕಾನೂನಿನ (FISA) 702ನೇ ಸೆಕ್ಷನ್ನಿನಡಿ ಒಬ್ಬೊಬ್ಬರ ಹೆಸರಿಗೆ ವಾರಂಟ್ ಬೇಕಿಲ್ಲ.) ಬ್ರಿಟನ್ನಿನ 2016ರ ಕಾನೂನಿನಲ್ಲಿ ಮಂತ್ರಿಯ ಸಹಿಯ ಜೊತೆ ನ್ಯಾಯಾಂಗ ಕಮಿಷನರ್ ಒಪ್ಪಿಗೆಯೂ ಬೇಕು. ನನಗೆ ಹಿಡಿಸಿದ್ದು ಎಸ್ಟೋನಿಯಾ: ಸರ್ಕಾರದ ದಾಖಲೆಗಳಲ್ಲಿ ತನ್ನ ಮಾಹಿತಿಯನ್ನು ಯಾವ ಇಲಾಖೆ ಯಾವಾಗ ತೆಗೆದು ನೋಡಿತು ಅಂತ ನಾಗರಿಕನೇ ಆನ್‌ಲೈನ್‌ನಲ್ಲಿ ನೋಡಬಹುದು.

ಅದರ ಚಿಕ್ಕ ತುಣುಕೊಂದು ನಮಗೂ ಇದೆ. ಮೈಆಧಾರ್ ವೆಬ್‌ಸೈಟಿಗೆ ಓಟಿಪಿ ಹಾಕಿ ಹೋಗಿ, ಅಥೆಂಟಿಕೇಷನ್ ಹಿಸ್ಟರಿ ತೆಗೀರಿ. ಹಿಂದಿನ 6 ತಿಂಗಳಲ್ಲಿ ಎಲ್ಲೆಲ್ಲಿ ಥಂಬ್ ಅಥವಾ ಓಟಿಪಿ ಬಳಕೆಯಾಯ್ತು ಅನ್ನೋದು, 50 ದಾಖಲೆವರೆಗೆ, ತಾರೀಖು ಸಮೇತ ಕಾಣುತ್ತೆ. ನೀವು ಹೋಗದ ಕಡೆ ಥಂಬ್ ಬಿದ್ದಿದ್ದರೆ ಅಲ್ಲೇ ಬಯೋಮೆಟ್ರಿಕ್ ಲಾಕ್ ಮಾಡಿ, ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ.

ಲಾಕ್ ಮಾಡಿದ ಮೇಲೆ ತಕರಾರು ಶುರುವಾಗೋದು ರೇಷನ್ ಅಂಗಡಿಯಲ್ಲಿ. ಬೆರಳಿಟ್ಟರೆ ಎರರ್ 330. ಅದು ಬೆರಳು ಸವೆದಿದ್ದಕ್ಕಲ್ಲ, ಲಾಕ್ ಆಗಿದ್ದಕ್ಕೆ ಬರೋದು. ಲಾಕ್ ತಾತ್ಕಾಲಿಕವಾಗಿ ತೆಗೆದರೆ 10 ನಿಮಿಷ ಸಿಗುತ್ತೆ, ಹಾಗಾಗಿ ಪಾಳಿ ಹತ್ತಿರ ಬಂದಾಗಲೇ ತೆಗೀಬೇಕು. ದೇವದುರ್ಗ, ಲಿಂಗಸುಗೂರು ಕಡೆ ಇನ್ನೊಂದು ಪೇಚಿದೆ: ಅವ್ವನ ಆಧಾರ್‌ಗೆ ಗುಳೆ ಹೋದ ಮಗನ ನಂಬರ್ ಜೋಡಿಸಿದ್ದರೆ ಓಟಿಪಿ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿರೋ ಅವನಿಗೆ ಹೋಗುತ್ತೆ. ಅಂಥವರು ಮೊದಲು ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಿಕೊಳ್ಳಲಿ, ಲಾಕ್ ಆಮೇಲೆ.