ಸತ್ತವರ ಹೆಸರಿಗೆ ಹೋದ ನೋಟಿಸ್

ಭೂಸ್ವಾಧೀನ ಶಾಖೆಗೆ ವಿಷಯ ನಿರ್ವಾಹಕನಾಗಿ ಬಂದ ಮೊದಲ ವರ್ಷದ ಮಾತು. ಪಟ್ಟಣದ ಒಳಚರಂಡಿಗೆ ವೆಟ್‌ವೆಲ್ (ಕೊಳಚೆ ನೀರು ಸೇರುವ ಬಾವಿ) ಮತ್ತು ಪಂಪ್‌ಹೌಸ್ ಕಟ್ಟಲು ಪುರಸಭೆಗೆ 12 ಗುಂಟೆ ಜಾಗ ಬೇಕಿತ್ತು, ಕೆರೆ ಕೋಡಿಯ ಕೆಳಗಿನ ಒಂದು ತೆಂಗಿನ ತೋಟದಲ್ಲಿ. ಪಹಣಿಯಲ್ಲಿ ಯಾರ ಹೆಸರಿತ್ತೋ ಅವರಿಗೆ ನೋಟಿಸ್ ಕಳಿಸಿದೆ.

ಲಕೋಟೆ ವಾಪಸ್ ಬಂತು. ‘ವಿಳಾಸದಾರರು ಮೃತರು’ ಅಂತ ಪೋಸ್ಟ್‌ಮನ್ ಬರೆದಿದ್ದರು. ನಾನು ಅದನ್ನು ಕಡತಕ್ಕೆ ಸೇರಿಸಿದೆ. ತೋಟದ ಗೇಟಿಗೆ ಇನ್ನೊಂದು ಪ್ರತಿ ಅಂಟಿಸಿ, ಮಹಜರು ಮಾಡಿಸಿ ಸುಮ್ಮನಾದೆ. ಆಕ್ಷೇಪಣೆಗೆ ಇರುವ 60 ದಿನ ಕಳೆಯಿತು, ಒಂದು ಅರ್ಜಿಯೂ ಬರಲಿಲ್ಲ. ಯಾರಿಗೂ ತಕರಾರಿಲ್ಲ ಅಂದುಕೊಂಡೆ.

ಜಂಟಿ ಅಳತೆಯ ದಿನ ಒಬ್ಬ ಅಜ್ಜಿ ಬಂದು ಚೈನ್ ಮೇಲೆ ಕಾಲಿಟ್ಟು ನಿಂತರು. ‘ಯಾರು ಸ್ವಾಮಿ ನೀವೆಲ್ಲ? ನಮ್ಮ ತೋಟ ಯಾಕೆ ಅಳೀತಿದ್ದೀರಿ?’ ಪಹಣಿಯಲ್ಲಿದ್ದವರು ಅವರ ಯಜಮಾನರು. ತೀರಿಕೊಂಡು ವರ್ಷಗಳಾಗಿದ್ದವು. ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿರಲಿಲ್ಲ. ಅಜ್ಜಿಗೆ ಓದು ಬರಲ್ಲ. ಗೇಟಿನ ಕಾಗದ ಕರೆಂಟಿನವರದು ಅಂತ ತಿಳಿದಿದ್ದರಂತೆ.

‘ಊರಲ್ಲಿ ಇಷ್ಟು ಜಾಗ ಇದೆ, ನಮ್ಮದೇ ಯಾಕೆ?’ ಅಂದರು. ಇಂಜಿನಿಯರ್ ‘ಯೋಜನಾ ವರದಿಯಲ್ಲಿ ಹಾಗಿದೆ’ ಅಂದರು. ಅದೂ ಒಂದು ಉತ್ತರವೇ? ನಾನು ಕೇಳಿದೆ, ‘ಅಜ್ಜಿ, ಮಳೆ ಬಂದರೆ ಊರ ನೀರೆಲ್ಲ ಎಲ್ಲಿ ಸೇರುತ್ತೆ?’ ‘ಇಲ್ಲೇ, ಈ ಮೂಲೇಲಿ.’ ‘ಕೊಳಚೆ ನೀರೂ ಪೈಪಿನಲ್ಲಿ ಇಳಿಜಾರು ಹಿಡಿದೇ ಹರಿಯೋದು. ತಗ್ಗಿನಲ್ಲಿ ಸೇರಿಸಿ, ಅಲ್ಲಿಂದ ಪಂಪ್ ಮಾಡಿ ಮೇಲೆತ್ತಬೇಕು.’ ಅಜ್ಜಿ ಆ ಮೂಲೆಯನ್ನೇ ಸ್ವಲ್ಪ ಹೊತ್ತು ನೋಡಿ ಚೈನ್ ಮೇಲಿಂದ ಕಾಲು ತೆಗೆದರು.

ಆಮೇಲೆ ನನ್ನ ಕೈಲಿದ್ದ ಪಟ್ಟಿ ಓದಿಸಿದರು. ಅದರಲ್ಲಿ 9 ತೆಂಗಿನ ಮರ ಇತ್ತು. ಅಜ್ಜಿ ಒಂದೊಂದರ ಬುಡಕ್ಕೂ ಹೋಗಿ ಅಂಗೈಯಿಂದ ತಟ್ಟಿ ಎಣಿಸಿದರು. ‘ಇದು ಎಳನೀರಿಗೆ ಬಿಡೋದು. ಇದಕ್ಕೆ ನುಸಿ ಹತ್ತಿದೆ, ಆದರೂ ಫಲ ಇದೆ, ಬರ್ಕೊಳ್ಳಿ.’ ಒಟ್ಟು 14. ಕೊನೆಗೆ ಒಂದು ಕಡೆ ನಿಂತು ಕಾಲಿನಿಂದ ಮಣ್ಣು ಕೆದಕಿದರು. ಬೋರ್‌ವೆಲ್‌ನಿಂದ ಉಳಿದ ತೋಟಕ್ಕೆ ನೀರು ಹೋಗುವ ಪೈಪು ಅಲ್ಲೇ ಹೂತಿತ್ತು, ನಾವು ತೆಗೆದುಕೊಳ್ಳುವ 12 ಗುಂಟೆಯ ನಡುವೆಯೇ. ಯಾವ ನಕ್ಷೆಯಲ್ಲೂ ಅದಿರಲಿಲ್ಲ. ಹಾಗೇ ಬಿಟ್ಟಿದ್ದರೆ ಮಿಕ್ಕ ತೋಟವೂ ಒಣಗುತ್ತಿತ್ತು.

ಅವತ್ತು ರಾತ್ರಿ 2013ರ ಭೂಸ್ವಾಧೀನ ಕಾಯ್ದೆಯನ್ನು ಮತ್ತೆ ತೆಗೆದು ಓದಿದೆ. ಕಲಂ 11(5) ಪ್ರಕಾರ, ಪ್ರಾಥಮಿಕ ಅಧಿಸೂಚನೆ ಆದ ಮೇಲೆ ಭೂ ದಾಖಲೆಗಳನ್ನು 2 ತಿಂಗಳೊಳಗೆ ಸರಿಪಡಿಸುವ ಹೊಣೆ ನಮ್ಮದೇ. ಕಲಂ 28ರಲ್ಲಿ, ಜಮೀನು ತುಂಡಾಗಿ ಉಳಿದ ಭಾಗಕ್ಕೆ ಆಗುವ ನಷ್ಟವನ್ನೂ ಲೆಕ್ಕ ಹಿಡಿಯಬೇಕು ಅಂತಿದೆ. ಜಮೀನು ಮತ್ತು ಮಾಲ್ಕಿಯ (ಅದರಲ್ಲಿರುವ ಮರ, ಕಟ್ಟಡಗಳ) ಬೆಲೆಯ ಮೇಲೆ ನೂರಕ್ಕೆ ನೂರು ಸೊಲೇಷಿಯಂ (ಹೆಚ್ಚುವರಿ ಪರಿಹಾರ). ಅಂದರೆ ಪಟ್ಟಿಯಲ್ಲಿ ಒಂದು ಮರ ಬಿಟ್ಟುಹೋದರೆ ಆ ಮನೆಗೆ ಎರಡು ಮರದ ದುಡ್ಡು ತಪ್ಪುತ್ತದೆ. ನಾನು 5 ಮರ ಬಿಟ್ಟಿದ್ದೆ.

ಕೆಲಸ ನಾಲ್ಕು ತಿಂಗಳು ತಡವಾಯಿತು. ಪೌತಿ ಖಾತೆ ಆಯಿತು, ಪೈಪು ಉಳಿಯುವಂತೆ ಗಡಿ ಸ್ವಲ್ಪ ಸರಿಯಿತು, ಐತೀರ್ಪಿನಲ್ಲಿ (ಪರಿಹಾರದ ಆದೇಶದಲ್ಲಿ) ಅಜ್ಜಿಯ ಮತ್ತು ಇಬ್ಬರು ಮಕ್ಕಳ ಹೆಸರು ಬಂತು. ಆಗ ಮೇಲಿನವರಿಂದ ಮಾತು ಕೇಳಿದೆ, ಬೇಜಾರಿಲ್ಲ. 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ಕೋಲ್ಕತ್ತಾ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ, ಆಸ್ತಿಯ ಹಕ್ಕಿನ ಬಗ್ಗೆ ಇರುವ ಸಂವಿಧಾನದ 300ಎ ವಿಧಿಯೊಳಗೆ 7 ಹಕ್ಕುಗಳನ್ನು ಗುರುತಿಸಿತು. ಮೊದಲನೆಯದು ನೋಟಿಸ್ ಪಡೆಯುವ ಹಕ್ಕು, ಎರಡನೆಯದು ತನ್ನ ಮಾತು ಹೇಳಿಕೊಳ್ಳುವ ಹಕ್ಕು. ಓದಿದಾಗ ಆ ಗೇಟಿನ ಕಾಗದವೇ ಕಣ್ಣಮುಂದೆ ಬಂತು.

ಈಗ ನೋಟಿಸ್ ಟೈಪ್ ಆಗುವ ಮೊದಲೇ ಜಾಗಕ್ಕೆ ಹೋಗುತ್ತೇನೆ. ಅಲ್ಲಿ ಯಾರಿದ್ದಾರೆ, ನೀರು ಎಲ್ಲಿಂದ ಬರುತ್ತೆ ಅಂತ ಕೇಳಿ ಬರೆದುಕೊಳ್ಳುತ್ತೇನೆ.

ನಿಮ್ಮ ಮನೆ ಜಮೀನು ಇನ್ನೂ ತಾತನ ಹೆಸರಲ್ಲೇ ಇದೆಯಾ? ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟುಕೊಂಡು ಈ ತಿಂಗಳೇ ಪೌತಿ ಖಾತೆಗೆ ಅರ್ಜಿ ಹಾಕಿ.