ಸಯ್ಯಾಜಿರಾವ್ ರಸ್ತೆಯಲ್ಲಿ ತಲೆಯೆತ್ತಿ ನಡೆಯಿರಿ

ಮೈಸೂರಿನ ಕೆ.ಆರ್. ವೃತ್ತದಿಂದ ಧನ್ವಂತರಿ ರಸ್ತೆಯ ಮೂಲೆಗೆ ಹತ್ತು ನಿಮಿಷದ ನಡಿಗೆ. ಕಟ್ಟಡ ನೋಡುವವರು ಅರ್ಧ ದಿನ ಇಟ್ಟುಕೊಂಡು, ಬೆಳಗ್ಗೆ ಏಳಕ್ಕೇ ಬರಬೇಕು. ದೇವರಾಜ ಮಾರುಕಟ್ಟೆ ಈ ರಸ್ತೆಯ ಪಶ್ಚಿಮಕ್ಕಿದೆ. ಎಳೆಬಿಸಿಲು ನೇರ ಅದರ ಮುಖಕ್ಕೆ ಬೀಳುತ್ತದೆ. ಅಂಗಡಿಗಳು ತೆರೆದು ನಾಮಫಲಕ, ತೂಗುಬಿದ್ದ ಚೀಲ, ಟಾರ್ಪಾಲಿನ್ ಎಲ್ಲ ಹೊರಬಂದ ಮೇಲೆ ಕಮಾನು ಹುಡುಕಬೇಕಾಗುತ್ತದೆ.

ಶುರು ಮಾಡಲು ಚಿಕ್ಕ ಗಡಿಯಾರವೇ ಸರಿ. ವೈಸ್‌ರಾಯ್ ಡಫರಿನ್ ಹೆಸರಿನ ಈ ಗೋಪುರದ ಎದುರು ಮಾರುಕಟ್ಟೆಯ ದಕ್ಷಿಣ ಬಾಗಿಲು, ಪಕ್ಕದಲ್ಲೇ ಇನ್ನೊಬ್ಬ ವೈಸ್‌ರಾಯ್ ನೆನಪಿಗೆ 1892ರಲ್ಲಿ ಕಟ್ಟಿದ ಎರಡಂತಸ್ತಿನ ಲ್ಯಾನ್ಸ್‌ಡೌನ್ ಕಟ್ಟಡ. ಹಳೆ ಪುಸ್ತಕ ಹುಡುಕುವವರಿಗೆ ಒಂದು ಕಾಲಕ್ಕೆ ಇದೇ ಖಾಯಂ ವಿಳಾಸ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷಕ್ಕೆ ಸರಿಯಾಗಿ, 2016ರ ಆಗಸ್ಟ್‌ನಲ್ಲೇ, ಮಾರುಕಟ್ಟೆಯ ಉತ್ತರದ ತುದಿ ಬಿತ್ತು. ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಕೋರ್ಟಿನವರೆಗೂ ಹೋಯಿತು.

ಎರಡೂ ಮಳೆಗಾಲದಲ್ಲಿ ಬಿದ್ದದ್ದು ಏಕೆಂದು ತಿಳಿಯಲು ಮದ್ರಾಸ್ ತಾರಸಿಯ ಒಳಗುಟ್ಟು ಗೊತ್ತಿರಬೇಕು. ಆ ಕಾಲದ ಇಂಥ ಕಟ್ಟಡಗಳ ಸಾಮಾನ್ಯ ಸೂರು ಅದು. ಗೋಡೆಯಿಂದ ಗೋಡೆಗೆ ಒತ್ತೊತ್ತಾಗಿ ಮರದ ಜಂತೆ. ಅದರ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಾರೆಯಲ್ಲಿ ಜೋಡಣೆ. ಮೇಲೆ ಮೂರು-ನಾಲ್ಕು ಇಂಚು ಇಟ್ಟಿಗೆ ಜಲ್ಲಿ ಮತ್ತು ಸುಣ್ಣ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ದಿನಗಟ್ಟಲೆ ಮರದ ಕೊಡತಿಯಿಂದ ಬಡಿಯುತ್ತಿದ್ದರು. ಬಡಿತ ಕಡಿಮೆಯಾದರೆ ಸೋರಿಕೆ ಖಚಿತ.

ಸೂರಿನ ಜೀವ ಗೋಡೆಯೊಳಗೆ ಹುದುಗಿದ ಜಂತೆಯ ತುದಿಯಲ್ಲಿದೆ. ನೀರು ಹೋಗುವ ತೂಬು ಕಸದಿಂದ ಕಟ್ಟಿಕೊಂಡರೆ ತಾರಸಿಯಲ್ಲಿ ನಿಂತ ನೀರು ಮೊದಲು ಇಳಿಯುವುದು ಅಲ್ಲಿಗೆ. ತುದಿ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ; ಕೆಳಗಿನಿಂದ ನೋಡಿದರೆ ಜಂತೆ ಗಟ್ಟಿಯಾಗಿಯೇ ಕಾಣುತ್ತದೆ. ಸೋರಿತೆಂದು ಮೇಲೆ ಸಿಮೆಂಟ್ ಬಳಿದರೆ ಇನ್ನೂ ಕೆಟ್ಟದ್ದು. ಸುಣ್ಣದ ಗೋಡೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಅದನ್ನು ಒಳಗೇ ಹಿಡಿಯುತ್ತದೆ. ಅಂಗಡಿ ದೊಡ್ಡದಾಗಲೆಂದು ನಡುಗೋಡೆ ಒಡೆಯುವುದು, ತಾರಸಿಗೆ ನೀರಿನ ಟ್ಯಾಂಕ್ ಏರಿಸುವುದು ಉಳಿದ ಕೆಲಸ ಮುಗಿಸುತ್ತವೆ.

ಈ ರಸ್ತೆಯಲ್ಲಿ ನಡೆಯುವಾಗ ಮೂರು ಕಡೆ ಕಣ್ಣಿಡಿ: ಮೇಲಂಚಿನಲ್ಲಿ ಬೇರುಬಿಟ್ಟ ಅರಳಿ ಸಸಿ, ಕಮಾನಿನ ನೆತ್ತಿಯಿಂದ ಮೇಲಕ್ಕೆ ಹೊರಟ ಬಿರುಕು, ಗಾರೆ ಉಬ್ಬಿ ಪುಡಿ ಉದುರುವ ಜಾಗ. ಅರಳಿಯನ್ನು ಕಿತ್ತರೆ ಸಾಲದು, ಬೇರು ಹೊಕ್ಕ ಇಟ್ಟಿಗೆ ಬಿಚ್ಚಿ ಮತ್ತೆ ಸುಣ್ಣದಲ್ಲೇ ಕಟ್ಟಬೇಕು.

ಮಾರುಕಟ್ಟೆಯ ಒಳಗೆ ವೀಳ್ಯದೆಲೆ, ಬಾಳೆಗೊನೆ, ಕುಂಕುಮದ ರಾಶಿ ಕಣ್ಣು ಸೆಳೆಯುತ್ತವೆ, ನೋಡಿ. ದಸರೆಯ ಜಂಬೂ ಸವಾರಿ ಇದೇ ರಸ್ತೆಯಲ್ಲಿ ಹಾಯುತ್ತದೆ. ಅಂದು ಯಾರಾದರೂ ಹಳೆ ಕಟ್ಟಡದ ತಾರಸಿಯಲ್ಲಿ ಜಾಗ ಕೊಡುತ್ತೇನೆಂದರೆ ಹತ್ತಬೇಡಿ. ಜೋರು ಮಳೆ ನಿಂತ ಮರುದಿನ ಬಂದರೆ, ಯಾವ ತೂಬು ಕಟ್ಟಿದೆ ಎಂಬುದು ಗೋಡೆಯ ಒದ್ದೆ ಗೆರೆಯಲ್ಲೇ ಕಾಣುತ್ತದೆ.